ಕೊಡಗಿನ ಮನೆಯಂಗಳಕ್ಕೆ ಹಗುರವಾದ ಪೋರ್ಟ್ರೇಟ್ ಲೆನ್ಸ್ ಯಾವುದು?

ಪ್ರಶ್ನೆ: ನನ್ನ ಹತ್ತಿರ ಎಪಿಎಸ್-ಸಿ ಸೆನ್ಸರ್ ಇರುವ ಮಿರರ್‌ಲೆಸ್ ಕ್ಯಾಮರಾ ಇದೆ. ಜೊತೆಗೆ ಬಂದ ಕಿಟ್ ಲೆನ್ಸ್ ಬಿಟ್ಟರೆ ಬೇರೇನಿಲ್ಲ. ಮನೆಯ ಹಿರಿಯರ, ಮಕ್ಕಳ ಮುಖದ ಫೋಟೊ ಚೆನ್ನಾಗಿ ತೆಗೆಯುವ ಆಸೆ. ಎಲ್ಲರೂ 85 ಎಂಎಂ ತಗೋ ಅಂತಾರೆ. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಭಾರ ಅನ್ನಿಸಿತು. ಹಗುರವಾದದ್ದು ಯಾವುದು ಕೊಳ್ಳಲಿ?
– ನಾಪೋಕ್ಲು ಕಡೆಯ ಓದುಗರೊಬ್ಬರು

ನಿಮ್ಮ ಕ್ಯಾಮರಾಗೆ 85 ಎಂಎಂ ಬೇಡ. 50ರಿಂದ 56 ಎಂಎಂ ಒಳಗಿನ, ಎಫ್ 1.4 ಇಲ್ಲವೇ ಎಫ್ 1.8ರ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ) ಒಂದು ಪ್ರೈಮ್ ಲೆನ್ಸ್, ಅಂದರೆ ಝೂಮ್ ಆಗದ ಲೆನ್ಸ್ ಸಾಕು. ಇಂಥವು ಹೆಚ್ಚಿನವು 160ರಿಂದ 300 ಗ್ರಾಂ ತೂಗುತ್ತವೆ. ಕಾಲು ಕೆಜಿ ಕಾಫಿಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದ ಹಾಗೆ, ಅಷ್ಟೇ.

ಮತ್ತೆ ಎಲ್ಲರೂ 85 ಅನ್ನುವುದೇಕೆ? ಆ ಲೆಕ್ಕ 35 ಎಂಎಂ ಫಿಲ್ಮ್ ಕಾಲದಿಂದ ಬಂದದ್ದು. ಈಗಿನ ಫುಲ್‌ಫ್ರೇಮ್ ಸೆನ್ಸರ್ ಅದೇ ಅಳತೆಯದು. ನಿಮ್ಮ ಎಪಿಎಸ್-ಸಿ ಸೆನ್ಸರ್ ಅದಕ್ಕಿಂತ ಚಿಕ್ಕದು. ಸೋನಿ, ನಿಕಾನ್, ಫ್ಯೂಜಿಯಲ್ಲಿ ಲೆನ್ಸಿನ ಎಂಎಂ ಸಂಖ್ಯೆಯನ್ನು 1.5ರಿಂದ ಗುಣಿಸಿ. ಕ್ಯಾನನ್‌ನಲ್ಲಿ 1.6ರಿಂದ. ಆಗ 56 ಎಂಎಂ ಲೆನ್ಸ್ 84ರ ನೋಟ ಕೊಡುತ್ತದೆ. ಕ್ಯಾನನ್ ಮೇಲೆ 50 ಎಂಎಂ 80ರಷ್ಟಾಗುತ್ತದೆ. ನಿಮಗೆ ಬೇಕಾದ 85 ಇದೇ.

ನಿಜವಾದ 85 ಹಾಕಿದರೆ ಅದು 127ರ ಹಾಗೆ ನಡೆದುಕೊಳ್ಳುತ್ತದೆ. ಐನ್‌ಮನೆಯ (ಕೊಡವರ ಮೂಲಮನೆ) ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಅಜ್ಜಿ ಕೂತಿದ್ದಾರೆ ಅಂದುಕೊಳ್ಳಿ. ಸೊಂಟದವರೆಗಿನ ಚಿತ್ರಕ್ಕೆ 56 ಎಂಎಂನಲ್ಲಿ ಸುಮಾರು 2 ಮೀಟರ್ ದೂರ ನಿಂತರೆ ಸಾಕು. 85ರಲ್ಲಿ 3 ಮೀಟರ್ ಬೇಕು. ಕಯ್ಯಾಲೆ ಉದ್ದಕ್ಕೆ ಇರುತ್ತದೆ, ಅಗಲ ಕಮ್ಮಿ. 3 ಮೀಟರ್ ಹಿಂದೆ ಸರಿದರೆ ನೀವು ಮೆಟ್ಟಿಲಿಳಿದು ಅಂಗಳದಲ್ಲಿರುತ್ತೀರಿ. ಕ್ಯಾಮರಾ ಕೆಳಗಾಯಿತು, ಅಜ್ಜಿ ಮೇಲಾದರು. ಮೂಗಿನ ಹೊಳ್ಳೆ ಮೊದಲು ಕಾಣುವ ಫೋಟೊ ಬರುತ್ತದೆ. ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. 2 ಮೀಟರ್‌ನಲ್ಲಿ ನಿಂತರೆ ಅಜ್ಜಿ ಜೊತೆ ಮಾತಾಡುತ್ತಲೇ ಫೋಟೊ ತೆಗೆಯಬಹುದು. ದೂರ ಹೋದಷ್ಟೂ ಅವರು ಫೋಟೊಗೆ ಅಂತ ಬಿಗಿಯಾಗಿ ಕೂತುಬಿಡುತ್ತಾರೆ.

ತೀರಾ ಹತ್ತಿರ ಹೋಗುವುದೂ ಬೇಡ. ಮುಖ ವಿಕಾರವಾಗಿ ಕಾಣುವುದು ಲೆನ್ಸಿನಿಂದ ಅಂತ ಬಹಳ ಜನ ನಂಬಿದ್ದಾರೆ. ಕಾರಣ ಲೆನ್ಸ್ ಅಲ್ಲ, ದೂರ. ಅರ್ಧ ಮೀಟರ್‌ನಿಂದ ತೆಗೆದರೆ ಮೂಗು ಕ್ಯಾಮರಾಗೆ ಹತ್ತಿರ, ಕಿವಿ ದೂರ, ಹಾಗಾಗಿ ಮೂಗು ದೊಡ್ಡದಾಗಿ ಕಾಣುತ್ತದೆ. ಒಂದೂವರೆ, ಎರಡು ಮೀಟರ್‌ಗೆ ಸರಿದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪೋರ್ಟ್ರೇಟ್ ಲೆನ್ಸ್ ಮಾಡುವ ದೊಡ್ಡ ಉಪಕಾರ ಅಂದರೆ, ಆ ದೂರದಲ್ಲಿ ನಿಂತರೂ ಮುಖ ಚೌಕಟ್ಟು ತುಂಬುವ ಹಾಗೆ ಮಾಡುವುದು.

ಈಗ ತೂಕದ ಮಾತಿಗೆ ಬರೋಣ. ಲೆನ್ಸ್ ಭಾರವಾಗುವುದು ಬೆಳಕಿನ ಕಿಂಡಿ ದೊಡ್ಡದಾದಾಗ. ಎಂಎಂ ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ಕಿಂಡಿಯ ಅಗಲ ಸಿಗುತ್ತದೆ. 50 ಎಂಎಂ ಎಫ್ 1.8 ಅಂದರೆ ಸುಮಾರು 28 ಮಿಲಿಮೀಟರ್. 56 ಎಂಎಂ ಎಫ್ 1.4 ಅಂದರೆ 40. 85 ಎಂಎಂ ಎಫ್ 1.2 ಅಂದರೆ 71. ಗಾಜು ಅಗಲವಾದರೆ ದಪ್ಪವೂ ಆಗಬೇಕು, ಹಾಗಾಗಿ ತೂಕ ಒಮ್ಮೆಲೇ ಏರುತ್ತದೆ. ಕ್ಯಾನನ್ನಿನ ಆರ್‌ಎಫ್ 85 ಎಂಎಂ ಎಫ್ 1.2 ಹತ್ತಿರ ಹತ್ತಿರ 1.2 ಕೆಜಿ ಇದೆ. ಅದೇ ಕ್ಯಾನನ್ನಿನ ಆರ್‌ಎಫ್ 50 ಎಂಎಂ ಎಫ್ 1.8 ಬರೀ 160 ಗ್ರಾಂ.

ಈ ಕಿಂಡಿಯ ಅಗಲಕ್ಕೆ ಇನ್ನೊಂದು ಉಪಯೋಗವಿದೆ, ಲೆನ್ಸ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಮುಖದ ಹಿಂದೆ ತುಂಬಾ ದೂರದಲ್ಲಿ ಒಂದು ಬೆಳಕಿನ ಚುಕ್ಕೆ ಇದೆ ಅನ್ನಿ. ಸಿಲ್ವರ್ ಓಕ್ ಎಲೆಗಳ ನಡುವೆ ತೂರಿಬಂದ ಬಿಸಿಲು, ಇಲ್ಲವೇ ಮಡಿಕೇರಿ ದಸರಾ ಮಂಟಪದ ಒಂದು ದೀಪ. ಫೋಟೊದಲ್ಲಿ ಆ ಚುಕ್ಕೆ ಮಸುಕಾಗಿ ಗುಂಡಗೆ ಹರಡುತ್ತದೆ. ಆ ಗುಂಡನ್ನು ಮುಖದ ಪಕ್ಕ ಇಟ್ಟು ಅಳೆದರೆ, ಅದು ಲೆನ್ಸಿನ ಕಿಂಡಿಯಷ್ಟೇ ಅಗಲ. ಕಿಟ್ ಲೆನ್ಸನ್ನು 50 ಎಂಎಂಗೆ ಎಳೆದರೆ ಎಫ್ 5.6 ಸಿಗುತ್ತದೆ, ಕಿಂಡಿ 9 ಮಿಲಿಮೀಟರ್. ಅದಕ್ಕೇ ಕಿಟ್ ಲೆನ್ಸಿನಲ್ಲಿ ಹಿಂದಿನ ಕಾಫಿ ಗಿಡದ ಒಂದೊಂದು ಎಲೆಯೂ ಮುಖದ ಜೊತೆ ಜಗಳಕ್ಕೆ ನಿಂತ ಹಾಗೆ ಕಾಣುವುದು. ಎಫ್ 1.8ಕ್ಕೆ ಬಂದರೆ 9 ಇದ್ದದ್ದು 28 ಆಗುತ್ತದೆ. ಮೂರು ಪಟ್ಟು! ಆ ಒಂದು ಹೆಜ್ಜೆಯಲ್ಲೇ ಫೋಟೊ ಬೇರೆಯಾಗಿಬಿಡುತ್ತದೆ. ಅಲ್ಲಿಂದ 40ಕ್ಕೆ ಹೋದರೆ ಇನ್ನಷ್ಟು ಚೆಂದ, ಆದರೆ ಮೊದಲ ಹೆಜ್ಜೆಯಷ್ಟು ದೊಡ್ಡದಲ್ಲ. ಅದರಾಚೆಗಿನದಕ್ಕೆ ಕತ್ತು ನೋಯಿಸಿಕೊಳ್ಳುವುದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಿನ್ನೆಲೆ ಮಸುಕಾಗಲು ದುಡ್ಡು ಖರ್ಚಿಲ್ಲದ ದಾರಿಯೂ ಇದೆ. ಅಜ್ಜಿಯನ್ನು ಗೋಡೆಗೆ ಒರಗಿಸಬೇಡಿ. ಹಿಂದೆ ಕಣವೋ ಗದ್ದೆಯೋ ಬರುವ ಹಾಗೆ ಕೂರಿಸಿ. ಹಿಂದೆ 20 ಅಡಿ ಜಾಗ ಸಿಕ್ಕರೆ ಎಫ್ 2 ಕೂಡ ಧಾರಾಳ.

ಇನ್ನು ನಿಮ್ಮ ಕ್ಯಾಮರಾದ ಮೌಂಟಿಗೆ (ಲೆನ್ಸ್ ಕೂರುವ ಬಾಯಿ, ಕಂಪನಿಗೊಂದು ಥರ) ಯಾವುದು ಅಂತ. ಸೋನಿ ಆದರೆ ಸಿಗ್ಮಾ 56 ಎಂಎಂ ಎಫ್ 1.4, ತೂಕ 280 ಗ್ರಾಂ. ನನ್ನ ಮೊದಲ ಆಯ್ಕೆ ಇದು. ಇದೇ ಲೆನ್ಸ್ ಫ್ಯೂಜಿ, ನಿಕಾನ್ ಝಡ್ ಮೌಂಟಿಗೂ ಸಿಗುತ್ತದೆ. ಸೋನಿಯದೇ ಇ 50 ಎಂಎಂ ಎಫ್ 1.8 ಸುಮಾರು 200 ಗ್ರಾಂ ಇದೆ, ಅದರೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದೆ. ಎ6400, ಝಡ್‌ವಿ-ಇ10 ಥರದ ಕ್ಯಾಮರಾಗಳ ಬಾಡಿಯಲ್ಲಿ ಅದು ಇಲ್ಲದಿರುವುದರಿಂದ ಕತ್ತಲೆ ಕೋಣೆಯಲ್ಲಿ ನೆರವಾಗುತ್ತದೆ. ಫ್ಯೂಜಿ ಇರುವವರು ಎಕ್ಸ್‌ಎಫ್ 50 ಎಂಎಂ ಎಫ್ 2 ನೋಡಬೇಕು. 200 ಗ್ರಾಂ, ಹನಿಮಳೆ ತಡೆಯುವ ಸೀಲ್ ಕೂಡ ಇದೆ. ಆದರೆ ಬಾಡಿಗೂ ಸೀಲ್ ಇದ್ದರಷ್ಟೇ ಅದರಿಂದ ಲಾಭ. ನಿಕಾನ್ ಝಡ್, ಫ್ಯೂಜಿ ಎರಡಕ್ಕೂ ವಿಲ್‌ಟ್ರಾಕ್ಸ್ 56 ಎಂಎಂ ಎಫ್ 1.7 ಇದೆ, ಸುಮಾರು 170 ಗ್ರಾಂ. ಕ್ಯಾನನ್ ಆದರೆ ಮೇಲೆ ಹೇಳಿದ ಆರ್‌ಎಫ್ 50 ತಗೊಳ್ಳಿ, ಯೋಚನೆ ಬೇಡ.

ಫುಲ್‌ಫ್ರೇಮ್ ಇರುವವರಿಗೂ ಒಂದು ಮಾತು. ನಿಮಗೆ 85 ಸರಿ, ಆದರೆ ಎಫ್ 1.8ರಲ್ಲೇ ನಿಲ್ಲಿ. ಸೋನಿಯ ಎಫ್‌ಇ 85 ಎಂಎಂ ಎಫ್ 1.8 ತೂಕ 371 ಗ್ರಾಂ. ಸ್ಯಾಮ್ಯಾಂಗ್ 75 ಎಂಎಂ ಎಫ್ 1.8 ಇನ್ನೂ ಹಗುರ, 230 ಗ್ರಾಂ.

ಮನೆಯಲ್ಲಿ ಅಣ್ಣನದೋ ಮಾವನದೋ ಹಳೆಯ ಡಿಎಸ್‌ಎಲ್‌ಆರ್ ಲೆನ್ಸ್ ಇದೆಯಾ, ಕೇಳಿ ನೋಡಿ. ಕ್ಯಾನನ್ನಿನ ಹಳೆ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಹೊಸ ಬಾಡಿಯಲ್ಲಿ ಆಟೊಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನಲ್ಲಿ ಎಎಫ್-ಎಸ್ ಅಂತ ಬರೆದವು ನಡೆಯುತ್ತವೆ. ಅದಕ್ಕಿಂತ ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ನಿಕಾನ್ನಿನ ಅಡಾಪ್ಟರಿನಲ್ಲಿ ಆಟೊಫೋಕಸ್ ಇಲ್ಲ, ಕೈಯಲ್ಲೇ ತಿರುಗಿಸಬೇಕು.

ತೂಕಕ್ಕೆ ನಾನು ಇಷ್ಟು ಬೆಲೆ ಕೊಡುವುದು ಯಾಕೆ ಅಂದರೆ, ಮದುವೆ ಮನೆಯಲ್ಲಿ ನೀವು ಫೋಟೊಗ್ರಾಫರ್ ಅಲ್ಲ, ಮನೆಯವರು. ಬಂದವರನ್ನು ಮಾತಾಡಿಸಬೇಕು, ಊಟಕ್ಕೆ ಬಡಿಸಬೇಕು, ಸಿಕ್ಕ ಸಿಕ್ಕ ಹಿರಿಯರ ಕಾಲು ಮುಟ್ಟಬೇಕು. ಕತ್ತಿನಲ್ಲಿ ಒಂದೂವರೆ ಕೆಜಿಯ ಕ್ಯಾಮರಾ ತೂಗಾಡುತ್ತಿದ್ದರೆ, ಕಾಲು ಮುಟ್ಟಲು ಬಗ್ಗಿದಾಗ ಅದು ಜೋಲಿ ಹೊಡೆದು ಮುಂದೆ ಹೋಗುತ್ತದೆ. ನನಗೆ ಒಮ್ಮೆ ಹೀಗಾಗಿ ಹಿರಿಯರೊಬ್ಬರ ಮೊಣಕಾಲಿಗೆ ಲೆನ್ಸ್ ಬಡಿಯಿತು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ತುಂಬಾ ಬೇಜಾರಾಯಿತು. ಆವತ್ತು ಕ್ಯಾಮರಾವನ್ನು ಒಳಗೆ ಕಪಾಟಿನಲ್ಲಿಟ್ಟೆ. ಸಂಜೆ ವಾಲಗಕ್ಕೆ ಎಲ್ಲರೂ ಕುಣಿಯುವಾಗ ಅದು ಅಲ್ಲೇ ಇತ್ತು.

ಬೆಳಕಿನ ವಿಷಯಕ್ಕೂ ಎಫ್ 1.8 ಸಾಕಾಗುತ್ತದೆಯೇ? ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆ) ತೂಗುದೀಪದ ಹತ್ತಿರ ನಿಂತವರ ಮುಖ ತೆಗೆಯುವುದು ಕಷ್ಟವೇ. ಆದರೆ ಕಿಟ್ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8ರಲ್ಲಿ ಸುಮಾರು 10 ಪಟ್ಟು ಬೆಳಕು ಬರುತ್ತದೆ. ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕು ಸಾಲದಾಗ ಏರಿಸುವ ಸೆಟ್ಟಿಂಗ್) 6400 ಬೇಕಾದ ಕಡೆ 640 ಸಾಕು. ಶಟರ್ ವೇಗವನ್ನು 1/125 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ನಿಮ್ಮ ಕೈ ಅಲುಗದಿದ್ದರೂ ಎದುರಿನವರು ಅಲುಗುತ್ತಾರೆ. ವಾಲಗದ ಕುಣಿತಕ್ಕೆ 1/500 ಇರಲಿ. ಕ್ಯಾಮರಾದಲ್ಲಿ ಕಣ್ಣು ಹುಡುಕುವ ಫೋಕಸ್ ಇದ್ದರೆ ಆನ್ ಮಾಡಿಟ್ಟುಕೊಳ್ಳಿ. 2 ಮೀಟರ್ ದೂರದಲ್ಲಿ 56 ಎಂಎಂ ಎಫ್ 1.4ರಲ್ಲಿ ಚೂಪಾಗಿ ಬರುವ ಆಳ ಬರೀ 7 ಸೆಂಟಿಮೀಟರ್. ಇಬ್ಬರು ಹಿಂದೆ ಮುಂದೆ ನಿಂತರೆ ಒಬ್ಬರು ಮಸುಕಾಗುತ್ತಾರೆ, ಆಗ ಎಫ್ 4ಕ್ಕೆ ಹೋಗಿ. ಒಕ್ಕದವರೆಲ್ಲ (ಮನೆತನದವರು) ಸೇರಿದ ದೊಡ್ಡ ಫೋಟೊಗೆ ಈ ಲೆನ್ಸ್ ಬೇಡವೇ ಬೇಡ, ಕಿಟ್ ಲೆನ್ಸೇ ಸರಿ.

ನಮ್ಮ ಕಡೆಯವರಿಗೆ ಮಾತ್ರ ಒತ್ತಿ ಹೇಳಬೇಕಾದ್ದು ಮಳೆಗಾಲದ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಲೆನ್ಸ್ ಬಿಡುತ್ತದೆಯೇ? ಒಂದು ಮಳೆಗಾಲ ಚರ್ಮದ ಚೀಲದಲ್ಲಿಟ್ಟು ಮರೆತ ನನ್ನ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್ ಹಬ್ಬಿತ್ತು. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಅದರಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬದಲ್ಲಿಡುವ ಉಪಾಯ ಬೇಡ, ಅದರ ಪುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಹಾಕಿ ಇನ್ನೊಂದು ಬದಿಯಿಂದ ನೋಡಿ. ಎಳೆ ಎಳೆಯಾಗಿ ಏನಾದರೂ ಕಂಡರೆ ವಾಪಸ್ ಕೊಟ್ಟುಬಿಡಿ, ಎಷ್ಟೇ ಅಗ್ಗವಾದರೂ.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಕಿಟ್ ಲೆನ್ಸನ್ನು 50ಕ್ಕೆ, ಅಷ್ಟಿಲ್ಲದಿದ್ದರೆ 45ಕ್ಕೆ ತಿರುಗಿಸಿ, ಅಲುಗದ ಹಾಗೆ ಒಂದು ತುಂಡು ಟೇಪ್ ಅಂಟಿಸಿ. ಒಂದು ಭಾನುವಾರ ಪೂರ್ತಿ ಮನೆಯವರನ್ನು ಹಾಗೇ ತೆಗೆಯಿರಿ. ಅಡುಗೆ ಮನೆಯಲ್ಲಿ, ಕಯ್ಯಾಲೆಯಲ್ಲಿ, ತೋಟದಲ್ಲಿ. ಬೆನ್ನು ಮತ್ತೆ ಮತ್ತೆ ಗೋಡೆಗೆ ತಾಗುತ್ತಿದ್ದರೆ ನಿಮಗೆ 56 ಕೂಡ ಜಾಸ್ತಿ, 35 ಎಂಎಂ ಕಡೆ ನೋಡಿ. ಆರಾಮಾಗಿ ತೆಗೆಯಲು ಆದರೆ ಸೋಮವಾರ ಅಂಗಡಿಗೆ ಹೋಗಿ.

ಲೆನ್ಸ್ ಬಂದ ಮೇಲೆ ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಟ್ಟವರನ್ನು ತೆಗೆಯುವಾಗ ಎಕ್ಸ್‌ಪೋಷರನ್ನು ಮೈನಸ್ 0.7ರ ಆಸುಪಾಸು ಇಳಿಸಿ. ಕಪ್ಪು ಜಾಸ್ತಿ ಕಂಡರೆ ಕ್ಯಾಮರಾ ಬೆಳಕು ಏರಿಸುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಮದುಮಗನ ಬಿಳಿ ಕುಪ್ಯಕ್ಕೆ ಇದರ ಉಲ್ಟಾ, ಪ್ಲಸ್ 0.7.