‘ದೊರೊರೊ’ದ ದೆವ್ವಗಳು ಪುರಾಣದವೇ?

ಪ್ರಶ್ನೆ: ‘ದೊರೊರೊ’ ಮಾಂಗಾದಲ್ಲಿ (ಜಪಾನಿ ಚಿತ್ರಕಥೆಯಲ್ಲಿ) ಬರುವ 48 ದೆವ್ವಗಳು ಜಪಾನಿನ ಪುರಾಣಗಳಲ್ಲಿ ನಿಜವಾಗಿಯೂ ಇವೆಯೇ? ಅಥವಾ ಎಲ್ಲವೂ ಲೇಖಕರ ಕಲ್ಪನೆಯೇ?

ಪಟ್ಟಿ ಹಿಡಿದು ಹುಡುಕಲು ಹೊರಟರೆ ನಿರಾಸೆಯಾಗುತ್ತದೆ. 48 ದೆವ್ವಗಳ ಈ ತಂಡವನ್ನು ಕಟ್ಟಿದವರು ಲೇಖಕ ತೆಜುಕಾ ಒಸಾಮು ಅವರೇ. ಆದರೆ ದೆವ್ವಗಳನ್ನು ಬದಿಗಿಟ್ಟು ನಾಯಕನನ್ನು ನೋಡಿ. ಪುರಾಣ ಅಲ್ಲಿ ಕೂತಿದೆ, ಅದೂ ಜಪಾನಿನ ಅತ್ಯಂತ ಹಳೆಯ ಪುರಾಣ.

ಕಥೆ ನಡೆಯುವುದು 15ನೇ ಶತಮಾನದ ಯುದ್ಧಕಾಲದಲ್ಲಿ. ದೈಗೊ ಕಾಗೆಮಿತ್ಸು ಎಂಬ ಸಮುರಾಯ್ ಅಧಿಕಾರದ ಆಸೆಗೆ ಬಿದ್ದು, ಇನ್ನೂ ಹುಟ್ಟದ ತನ್ನ ಮಗನ ದೇಹವನ್ನು 48 ದೆವ್ವಗಳಿಗೆ ಬರೆದುಕೊಡುತ್ತಾನೆ. ಕಣ್ಣು, ಕಿವಿ, ಕೈಕಾಲು ಒಂದೂ ಇಲ್ಲದೆ ಹುಟ್ಟಿದ ಕೂಸನ್ನು ನದಿಗೆ ತೇಲಿಬಿಡಲಾಗುತ್ತದೆ. ಜುಕಾಯ್ ಎಂಬ ವೈದ್ಯ ಅದನ್ನು ಎತ್ತಿಕೊಂಡು, ಕೃತಕ ಅಂಗಗಳನ್ನು ಜೋಡಿಸಿ ಸಾಕುತ್ತಾನೆ. (ತೆಜುಕಾ ಸ್ವತಃ ವೈದ್ಯಕೀಯ ಓದಿದವರು, ಈ ಪುಟಗಳಲ್ಲಿ ಅದು ಎದ್ದು ಕಾಣುತ್ತದೆ.) ಆ ಕೂಸೇ ಹ್ಯಕ್ಕಿಮಾರು. ಒಂದೊಂದು ದೆವ್ವ ಸತ್ತಾಗಲೂ ಅವನಿಗೆ ಒಂದೊಂದು ಅಂಗ ಮರಳಿ ಬರುತ್ತದೆ.

ಈಗ ಕ್ರಿ.ಶ. 712ರ ಜಪಾನಿ ಪುರಾಣಗ್ರಂಥ ‘ಕೊಜಿಕಿ’ಗೆ ಬನ್ನಿ. ಸೃಷ್ಟಿಯ ಆದಿಯಲ್ಲಿ ಇಜಾನಾಗಿ ಮತ್ತು ಇಜಾನಾಮಿ ದೇವದಂಪತಿ ಒಂದು ಕಂಬವನ್ನು ಸುತ್ತಿ ಮದುವೆಯಾಗುತ್ತಾರೆ. ಹೆಣ್ಣು ಮೊದಲು ಮಾತಾಡಿದಳು ಎಂಬುದೇ ಅಪಚಾರವಾಯಿತಂತೆ. ಹುಟ್ಟಿದ ಮಗುವನ್ನು ಹಿರುಕೊ, ಅಂದರೆ ಜಿಗಣೆಯಂಥ ಕೂಸು, ಎಂದು ಕರೆದು ಜೊಂಡಿನ ದೋಣಿಯಲ್ಲಿ ತೇಲಿಬಿಟ್ಟರು. 720ರ ‘ನಿಹೊನ್ ಶೊಕಿ’ಯಲ್ಲಿ ಮೂರು ವರ್ಷವಾದರೂ ಆ ಮಗು ಎದ್ದು ನಿಲ್ಲಲಿಲ್ಲ ಎಂಬ ಮಾತಿದೆ. ತಪ್ಪು ಯಾರದ್ದೋ, ಶಿಕ್ಷೆ ಕೂಸಿಗೆ. ಹ್ಯಕ್ಕಿಮಾರುವಿನ ಜಾತಕವೂ ಇದೇ.

ಆ ಗ್ರಂಥಗಳು ಹಿರುಕೊನನ್ನು ನೀರಿಗೆ ಬಿಟ್ಟು ಮರೆತವು, ಜನ ಮರೆಯಲಿಲ್ಲ. ಮಗು ಎಲ್ಲೋ ದಡ ಸೇರಿತು, ಎಬಿಸು ಎಂಬ ದೇವರಾಯಿತು ಎಂದು ನಂಬಿದರು. ಎಬಿಸು ಮೀನುಗಾರರ, ವ್ಯಾಪಾರಿಗಳ ದೈವ, ಕೈಯಲ್ಲಿ ಗಾಳ ಹಿಡಿದು ನಗುವ ಮುಖ. ಏಳು ಭಾಗ್ಯದೇವತೆಗಳಲ್ಲಿ ಒಬ್ಬ. ನಮ್ಮ ಸರಸ್ವತಿಯೂ ಬೆನ್ಜೈತೆನ್ ಎಂಬ ಹೆಸರಿನಲ್ಲಿ ಅದೇ ಏಳರಲ್ಲಿ ಇದ್ದಾಳೆ. ಎಬಿಸುವಿನ ಪ್ರಧಾನ ದೇವಾಲಯ ಇರುವುದು ಹ್ಯೋಗೊ ಪ್ರಾಂತ್ಯದ ನಿಶಿನೊಮಿಯಾದಲ್ಲಿ. ತೆಜುಕಾ ಬೆಳೆದ ತಕರಾಜುಕಾ ಅದರ ಪಕ್ಕದ ಊರು.

ಕನ್ನಡದ ಓದುಗರಿಗೆ ಇಲ್ಲಿ ಕರ್ಣನ ನೆನಪಾಗದೆ ಇರದು. ಆದರೆ ಲೆಕ್ಕ ತಿರುಗುಮುರುಗು. ಕರ್ಣ ಹುಟ್ಟುವಾಗಲೇ ಕವಚಕುಂಡಲ ಹೊತ್ತು ಬಂದವನು, ಆಮೇಲೆ ಅವನ್ನು ಮೈಯಿಂದ ಕೊಯ್ದುಕೊಟ್ಟವನು. ಇವನು ಬರಿದಾಗಿ ಹುಟ್ಟಿ, ಕಡಿದು ಕಡಿದು ತನ್ನ ಮೈಯನ್ನು ಸಂಪಾದಿಸಬೇಕಾದವನು.

ಇನ್ನು ದೆವ್ವಗಳು. ಹೆಚ್ಚಿನವು ಕಲ್ಪಿತವಾದರೂ ಕೆಲವಕ್ಕೆ ಹಳೆಯ ಬೇರುಗಳಿವೆ. ಎರಡು ಸೀಮೆಗಳ ನಡುವೆ ನಿಂತ ಬಾನ್‌ಮೊನ್ ಎಂಬ ಗೋಡೆಯ ಅಧ್ಯಾಯದಲ್ಲಿ ಒಂಬತ್ತು ಬಾಲದ ನರಿ ಬರುತ್ತದೆ. ಈ ನರಿ ಜಪಾನಿನಲ್ಲಿ ತಮಾಮೊ ನೊ ಮಾಯೆ ಎಂಬ ಸುಂದರಿಯಾಗಿ ಚಕ್ರವರ್ತಿ ತೊಬಾನನ್ನು ಮರುಳು ಮಾಡಿತು, ಕೊನೆಗೆ ನಾಸು ಎಂಬಲ್ಲಿ ವಿಷಕಾರುವ ಕಲ್ಲಾಯಿತು ಎಂಬುದು ಐತಿಹ್ಯ. ಆ ಕಲ್ಲು 2022ರ ಮಾರ್ಚ್‌ನಲ್ಲಿ ಇಬ್ಭಾಗವಾದಾಗ, ನರಿ ಹೊರಬಂತೆಂದು ಜಾಲತಾಣಗಳಲ್ಲಿ ಗುಲ್ಲೆದ್ದಿತ್ತು. ಐತಿಹ್ಯದ ಪ್ರಕಾರ ಜಪಾನಿಗೆ ಬರುವ ಮೊದಲು ಅದು ಭಾರತದಲ್ಲಿ ಹಾನ್‌ಜೊಕು ಎಂಬ ರಾಜಕುಮಾರನ ಪ್ರೇಯಸಿಯಾಗಿತ್ತು. ಹಾನ್‌ಜೊಕು ಎಂದರೆ ಮಚ್ಚೆಗಾಲಿನವನು: ಮಹಾಭಾರತದ ಆದಿಪರ್ವದಲ್ಲಿ ಶಾಪದಿಂದ ನರಭಕ್ಷಕನಾದ ಕಲ್ಮಾಷಪಾದನೇ!

ಫುದೊ ಮ್ಯೋಓ ಮೂರ್ತಿಯ ವೇಷದಲ್ಲಿ ಮನುಷ್ಯರ ಮುಖ ಕಸಿಯುವ ದೆವ್ವವೂ ಇದೆ. ಫುದೊ ದೆವ್ವವಲ್ಲ, ಬೌದ್ಧರ ರಕ್ಷಕ ದೇವತೆ, ಸಂಸ್ಕೃತದಲ್ಲಿ ಅಚಲ. ಪೂಜೆಗೊಳ್ಳುವ ಮುಖದ ಹಿಂದೆ ದೆವ್ವವನ್ನು ಕೂರಿಸಿದ್ದು ತೆಜುಕಾ ಅವರ ತುಂಟತನ. 48 ಎಂಬ ಸಂಖ್ಯೆಯನ್ನೂ ನಾನು ಹಾಗೆಯೇ ಓದುತ್ತೇನೆ: ಸಕಲ ಜೀವಿಗಳನ್ನು ಕಾಯುತ್ತೇನೆಂದು ಅಮಿತಾಭ ಬುದ್ಧ ಮಾಡಿದ ಪ್ರತಿಜ್ಞೆಗಳೂ 48.

2019ರ ಅನಿಮೆ (ಜಪಾನಿ ಅನಿಮೇಷನ್ ಸರಣಿ) ನೋಡಿ ಮಾಂಗಾಕ್ಕೆ ಬಂದವರು ಗೊಂದಲಪಡಬೇಕಿಲ್ಲ. ಅಲ್ಲಿ ದೆವ್ವಗಳನ್ನು 12ಕ್ಕೆ ಇಳಿಸಿದ್ದಾರೆ. 1967ರಲ್ಲಿ ಶುರುವಾದ ಮೂಲ ಮಾಂಗಾ ಮಾತ್ರ ಲೆಕ್ಕ ಚುಕ್ತಾ ಮಾಡುವ ಗೋಜಿಗೇ ಹೋಗುವುದಿಲ್ಲ. ಹಲವು ಅಂಗಗಳು ಇನ್ನೂ ಬಾಕಿ ಇರುವಾಗಲೇ ಹ್ಯಕ್ಕಿಮಾರು, ಜೊತೆಗಿದ್ದ ಪುಟ್ಟ ಕಳ್ಳಿ ದೊರೊರೊಳನ್ನು ಹಿಂದೆ ಬಿಟ್ಟು, ಒಬ್ಬನೇ ನಡೆದುಹೋಗುತ್ತಾನೆ.