ಊಜಿ ನೊಣಕ್ಕೆ ಮರದ ಬುಡದಲ್ಲೇ ಮದ್ದು

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದ ಕಡೆಯಿಂದ ಒಂದೇ ಥರದ ಫೋನು. "ಸಾರ್, ಶಿಲೀಂಧ್ರದ ಪುಡಿ ತಂದು ಮಾವಿಗೆಲ್ಲ ಹೊಡೆದೆ. ಊಜಿ ಒಂಚೂರೂ ಕಮ್ಮಿಯಾಗಿಲ್ಲ." ಯಾವಾಗ ಹೊಡೆದಿರಿ ಅಂದರೆ, "ಬೆಳಿಗ್ಗೆ ಕರೆಂಟ್ ಇರಲಿಲ್ಲ, ಹನ್ನೆರಡು ಗಂಟೆಗೆ."

ಬೇಜಾರಾಗುತ್ತದೆ. ದುಡ್ಡೂ ಹೋಯಿತು, ಒಳ್ಳೆಯ ಮದ್ದಿನ ಮೇಲಿನ ನಂಬಿಕೆಯೂ ಹೋಯಿತು.

ಇಲ್ಲಿ ಊಜಿ ಅಂದರೆ ಮಾವಿನ ಹಣ್ಣು ಕೆಡಿಸುವ ನೊಣ. ಅದು ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳಲ್ಲೇ ಬೆಳೆಯುತ್ತದೆ. ಪುಡಿಯಲ್ಲಿರುವ ಕೀಟ ಕೊಲ್ಲುವ ಶಿಲೀಂಧ್ರ ಮೆಟಾರೈಜಿಯಂ ಆಗಲಿ, ಬ್ಯುವೇರಿಯಾ ಆಗಲಿ, ಹುಳುವಿನ ಮೈಗೆ ತಾಗಬೇಕು. ಬೀಜಾಣು ಅಂಟಬೇಕು, ಮೊಳೆಯಬೇಕು, ಚರ್ಮ ಕೊರೆದು ಒಳಗೆ ಹೋಗಬೇಕು. ಅದಕ್ಕೆ ತೇವ ಬೇಕು, ಕೆಲವು ದಿನ ಸಮಯ ಬೇಕು. ಸಿಪ್ಪೆಯ ಮೇಲೆ ಬಿಸಿಲಿಗೆ ಸಾಯುವ ಬೀಜಾಣು ಒಳಗಿನ ಹುಳುವನ್ನು ಹೇಗೆ ಮುಟ್ಟೀತು?

ಹುಳು ನಮ್ಮ ಕೈಗೆ ಸಿಗುವುದು ನೆಲದಲ್ಲಿ. ಬಲಿತ ಹುಳು ಹಣ್ಣು ಬಿಟ್ಟು, ಒಂದೆರಡು ಇಂಚು ಮಣ್ಣಿಗಿಳಿದು, ನೊಣವಾಗುವ ಮುಂಚಿನ ಕೋಶವಾಗುತ್ತದೆ. ಕೋಶದ ಚಿಪ್ಪು ಗಟ್ಟಿಯಾದ ಮೇಲೆ ಶಿಲೀಂಧ್ರಕ್ಕೂ ಕಷ್ಟ. ಹಾಗಾಗಿ ಹುಳು ಬೀಳುವ ಮೊದಲೇ ಮಣ್ಣಲ್ಲಿ ಶಿಲೀಂಧ್ರ ಇರಬೇಕು. ಮತ್ತೆ ಹೇಳುತ್ತೇನೆ, ಮೊದಲೇ. ಕಾಯಿ ಬಲಿಯುವ ಹೊತ್ತಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಕೊಂಬೆ ಹರಡಿದಷ್ಟಗಲಕ್ಕೂ ಸಂಜೆ ಹಾಕಿ, ಮಣ್ಣು ತೇವ ಇರಲಿ. ಪ್ರಮಾಣ ಪೊಟ್ಟಣದ ಮೇಲಿದ್ದಂತೆ. ಬೂದಿ ರೋಗದ ಔಷಧಿ ಜೊತೆ ಬೆರೆಸಬೇಡಿ, ಅದು ಶಿಲೀಂಧ್ರ ಕೊಲ್ಲುವುದಕ್ಕೇ ಇರೋದು ಅಲ್ವಾ? ಉದುರಿದ ಹಣ್ಣು ಆರಿಸುವುದು, ಮೋಹಕ ಬಲೆ ಕಟ್ಟುವುದು ಬಿಡಬೇಡಿ. ಆದರೆ ಬಲೆಯೊಳಗೆ ನೊಣ ಸೆಳೆಯಲು ಇಡುವ ಮೀಥೈಲ್ ಯುಜೆನಾಲ್‌ಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಬಲೆಯೊಂದೇ ಸಾಲದು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಕೋಲಾರ, ರಾಮನಗರದಲ್ಲಿ ಮಾವಿನ ಪಕ್ಕದಲ್ಲೇ ಹಿಪ್ಪುನೇರಳೆ ಇರುತ್ತದೆ. ರೇಷ್ಮೆ ಹುಳುವಿಗೆ ಸುಣ್ಣಕಟ್ಟು ರೋಗ ತರುವುದು ಇದೇ ಬ್ಯುವೇರಿಯಾ. ಮೆಟಾರೈಜಿಯಂ ಕೂಡ ಅದಕ್ಕೆ ತಗಲಬಹುದು. ಹುಳು ಸಾಕುವ ಮನೆ ಹತ್ತಿರವಿದ್ದರೆ ರೇಷ್ಮೆ ಇಲಾಖೆಯವರನ್ನು ಕೇಳದೆ ಪೊಟ್ಟಣ ಒಡೆಯಬೇಡಿ.

ಹೋದ ವರ್ಷ ಹಿರಿಯ ರೈತರೊಬ್ಬರ ತೋಟದಲ್ಲಿ ಕಡ್ಡಿಯಿಂದ ಮರದ ಬುಡ ಕೆದಕಿದೆ. ಗೋಧಿ ಕಾಳಿಗಿಂತ ಸಣ್ಣ, ಕಂದು ಬಣ್ಣದ ಕೋಶಗಳು. ಅಂಗೈ ಮೇಲೆ ಹತ್ತು ಹನ್ನೆರಡು ಇಟ್ಟುಕೊಂಡು ಅವರು ಸುಮ್ನೆ ನೋಡುತ್ತಾ ನಿಂತರು. "ಇಷ್ಟು ವರ್ಷ ಇದರ ಮೇಲೇ ಓಡಾಡಿದೀನಲ್ಲ ಸಾರ್!"

ಉಳುಮೆ ಕಾಣದ, ಔಷಧಿ ಬೀಳದ ಬದುವಿನಿಂದ ಹಿಡಿ ಮಣ್ಣು ತರಿಸಿದೆ. ಈ ಶಿಲೀಂಧ್ರ ಇಂಥ ಮಣ್ಣಲ್ಲಿ ತಾನಾಗಿಯೇ ಇರುತ್ತದೆ. ಅಲ್ಲಿನ ಬಿಸಿಲು, ಬರ ಕಂಡ ತಳಿ ಸಿಕ್ಕರೆ ಬೆಳೆಸಿ ನೋಡಬೇಕು ಅಂತ ನನ್ನಾಸೆ. ಮಣ್ಣು ತೇವ ಮಾಡಿ ಡಬ್ಬಿಗೆ ತುಂಬಿ, ಕೊಳೆತ ಹಣ್ಣಿನಿಂದ ಇಪ್ಪತ್ತು ಹುಳು ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಅವರ ಕೈಗೇ ಕೊಟ್ಟು ಬಂದೆ.

ಎರಡು ವಾರಕ್ಕೆ ಫೋನು. "ಜಾಸ್ತಿ ನೊಣಾನೇ ಆಗಿವೆ ಸಾರ್. ಮೂರು ಮಾತ್ರ ಸತ್ತು, ಮೈಮೇಲೆ ಹಸಿರು ಬೂಷ್ಟು ಬಂದಿದೆ. ಇದೇನಾ ನೀವು ಹೇಳಿದ್ದು?"

ಆ ಮೂರನ್ನು ಪೊಟ್ಟಣ ಕಟ್ಟಿಡಿ, ನಾನೇ ಬರ್ತೀನಿ ಅಂದೆ.