ಸಮಿಜ್ದಾತ್: ಕಾರ್ಬನ್ ಪೇಪರಿನಿಂದ ವಿಡಿಯೋ ಗೇಮಿನವರೆಗೆ

ಟೈಪ್‌ರೈಟರಿಗೆ ಒಂದು ತೆಳು ಹಾಳೆ, ಅದರ ಹಿಂದೆ ಕಾರ್ಬನ್, ಆಮೇಲೆ ಇನ್ನೊಂದು ಹಾಳೆ, ಮತ್ತೆ ಕಾರ್ಬನ್. ಹೀಗೆ ಪದರ ಪದರ ಸೇರಿಸಿ ಜೋರಾಗಿ ಕೀಲಿ ಕುಟ್ಟಿದರೆ ಒಂದೇ ಸಲಕ್ಕೆ ನಾಲ್ಕೈದು ಪ್ರತಿ ಸಿಗುತ್ತವೆ. ಮೇಲಿನದು ಚೆನ್ನಾಗಿ ಮೂಡಿರುತ್ತದೆ. ಕೊನೆಯದನ್ನು ಓದೋಕೆ ಕಿಟಕಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಬೇಕು. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರ ಅಚ್ಚು ಹಾಕಲು ಒಪ್ಪದ ಕವಿತೆ, ಕಾದಂಬರಿಗಳನ್ನು ಜನ ಹೀಗೆ ಮನೆಯಲ್ಲೇ ತಯಾರಿಸುತ್ತಿದ್ದರು. ಇದಕ್ಕೆ ಅವರಿಟ್ಟ ಹೆಸರು ಸಮಿಜ್ದಾತ್.

ರಷ್ಯನ್ ಭಾಷೆಯಲ್ಲಿ ‘ಸಾಮ್’ ಅಂದರೆ ತಾನೇ, ‘ಇಜ್ದಾತ್’ ಅಂದರೆ ಪ್ರಕಟಿಸು. ಪದ ಹುಟ್ಟಿದ್ದು ತಮಾಷೆಗೆ. ಆಗ ಸರ್ಕಾರಿ ಪ್ರಕಾಶನಕ್ಕೆ ಗೊಸಿಜ್ದಾತ್ ಎನ್ನುತ್ತಿದ್ದರು. 1940ರ ದಶಕದಲ್ಲಿ ನಿಕೊಲಾಯ್ ಗ್ಲಾಜ್ಕೊವ್ ಎಂಬ ಕವಿ ತಾನೇ ಟೈಪ್ ಮಾಡಿದ ಕವಿತೆ ಪುಸ್ತಕಗಳ ಮೇಲೆ, ಪ್ರಕಾಶಕರ ಹೆಸರು ಬರುವ ಜಾಗದಲ್ಲಿ, ‘ಸಾಮ್‌ಸೆಬ್ಯಾಇಜ್ದಾತ್’ ಅಂತ ಹಾಕಿಬಿಟ್ಟ. ‘ನನ್ನನ್ನು ನಾನೇ ಅಚ್ಚು ಹಾಕಿಕೊಂಡೆ ಪ್ರಕಾಶನ’ ಅಂದುಕೊಳ್ಳಿ. ಬಾಯಿಂದ ಬಾಯಿಗೆ ಓಡಾಡಿ ಅದು ಚಿಕ್ಕದಾಯಿತು.

ಕನ್ನಡದಲ್ಲಿ ‘ಭೂಗತ ಸಾಹಿತ್ಯ’ ಎಂದು ಹೇಳಿ ಮುಗಿಸಬಹುದು. ಆದರೆ ಆಗ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಇಲ್ಲಿ ಬಚ್ಚಿಡುವುದಕ್ಕಿಂತ ನಕಲು ಮಾಡುವುದು ದೊಡ್ಡದು. ನಿಮ್ಮ ಕೈಗೆ ಬಂದ ಪುಸ್ತಕ ಮುಂದೆ ಹೋಗಬೇಕಾದರೆ ನೀವೇ ಕೂತು ಇನ್ನೈದು ಪ್ರತಿ ಕುಟ್ಟಬೇಕು. ಓದಿದವರೇ ಪ್ರೆಸ್ಸು. ಜೈಲಿಗೆ ಹೋದವರಲ್ಲಿ ಬರೆದವರ ಜೊತೆ ಹಂಚಿದವರೂ, ಟೈಪ್ ಮಾಡಿಕೊಟ್ಟವರೂ ಇದ್ದಾರೆ. ಹಾಡುಗಳು ಟೇಪ್‌ನಿಂದ ಟೇಪ್‌ಗೆ ಹೋಗುತ್ತಿದ್ದವು. ಅದಕ್ಕೆ ಮಗ್ನಿತಿಜ್ದಾತ್ ಎಂಬ ಹೆಸರು ಬಂತು. ಅದಕ್ಕೂ ಮುಂಚೆ ಆಸ್ಪತ್ರೆಯ ಹಳೇ ಎಕ್ಸ್‌ರೇ ಫಿಲ್ಮಿನ ಮೇಲೆ ಹಾಡು ಕೊರೆದು ಮಾರಿದ್ದೂ ಉಂಟು. ಪಕ್ಕೆಲುಬಿನ ಚಿತ್ರದ ಮೇಲೆ ಜಾಜ್!

ಈ ಪದ ವಿಡಿಯೋ ಗೇಮಿಗೂ ಒಪ್ಪುತ್ತದೆ ಅನ್ನೋದಕ್ಕೆ ಒಳ್ಳೆ ಉದಾಹರಣೆ ಆಗ ಸೋವಿಯತ್ ಬಣದಲ್ಲಿದ್ದ ಚೆಕೊಸ್ಲೊವಾಕಿಯಾದಲ್ಲಿದೆ. 1980ರ ದಶಕದಲ್ಲಿ ಅಲ್ಲಿನ ಹುಡುಗರ ಕೈಲಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಪ್ರೋಗ್ರಾಮ್ ತುಂಬುತ್ತಿದ್ದುದು ಮಾಮೂಲಿ ಹಾಡಿನ ಕ್ಯಾಸೆಟ್ಟಿನಿಂದ. ಒಂದು ಟೇಪ್‌ನಿಂದ ಇನ್ನೊಂದಕ್ಕೆ ಇಳಿಸಿದರೆ ಗೇಮ್ ನಕಲಾಯಿತು. ಖಾಲಿ ಕ್ಯಾಸೆಟ್ ಕೊಟ್ಟು ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ಬಂದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮಜಾ ಏನೆಂದರೆ, ಈ ಹುಡುಗರು ಸೇರುತ್ತಿದ್ದ ಕಂಪ್ಯೂಟರ್ ಕ್ಲಬ್ಬುಗಳಲ್ಲಿ ಎಷ್ಟೋ ‘ಸ್ವಜಾರ್ಮ್’ ಎಂಬ ಸಂಘದ ಕೆಳಗಿದ್ದವು. ಹೆಸರು ಬಿಡಿಸಿದರೆ ‘ಸೈನ್ಯಕ್ಕೆ ಸಹಕಾರ ನೀಡುವ ಸಂಘ’! ಪುಸ್ತಕ, ನಾಟಕ, ಸಿನಿಮಾದ ಮೇಲೆ ಹದ್ದಿನ ಕಣ್ಣಿಟ್ಟಿದ್ದ ಸರ್ಕಾರ ಗೇಮುಗಳನ್ನು ಹುಡುಗಾಟ ಅಂತ ಅಷ್ಟಾಗಿ ನೋಡಲೇ ಇಲ್ಲ.

1989ರ ಜನವರಿ 16. ಇಪ್ಪತ್ತು ವರ್ಷದ ಹಿಂದೆ ಅದೇ ದಿನ ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಸೋವಿಯತ್ ದಾಳಿಯನ್ನು ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡಿದ್ದ. ಅವನ ನೆನಪಿಗೆ ಸೇರಿದ ಜನರ ಮೇಲೆ ಪೊಲೀಸರು ಲಾಠಿ, ಜಲಫಿರಂಗಿ ಬಿಟ್ಟರು. ನಾಟಕಕಾರ ವಾತ್ಸ್ಲಾವ್ ಹಾವೆಲ್‌ರನ್ನು ಹಿಡಿದೊಯ್ದರು. ಅದೇ ವರ್ಷ ಒಂದು ಗೇಮ್ ಕ್ಯಾಸೆಟ್ಟುಗಳಲ್ಲಿ ಓಡಾಡತೊಡಗಿತು. ಅದರ ಹೆಸರೇ ‘1989ರ ಜನವರಿ 16ರಂದು ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಇಂಡಿಯಾನಾ ಜೋನ್ಸ್’. ಚಿತ್ರವಿಲ್ಲ, ಬರೀ ಅಕ್ಷರ. ‘ಹೋಗು’, ‘ತಗೋ’ ಅಂತ ಟೈಪ್ ಮಾಡಿ ಪೊಲೀಸರ ಮಧ್ಯೆ ದಾರಿ ಮಾಡಿಕೊಂಡು ನಾಯಕನನ್ನು ಅಮೆರಿಕಕ್ಕೆ ವಾಪಸ್ ಕಳಿಸಬೇಕು. ಒಂದು ಹೆಜ್ಜೆ ತಪ್ಪಿದರೆ ಪೊಲೀಸರ ಕೈಯಲ್ಲಿ ಸಾವು. ಹಾಲಿವುಡ್ ಹೀರೋನೇ ಬಂದರೂ ಆ ಚೌಕ ದಾಟೋದು ಕಷ್ಟ ಅನ್ನೋ ಜೋಕು ಆಡುತ್ತಾ ಆಡುತ್ತಾ ಕಹಿಯಾಗುತ್ತದೆ. ಬರೆದವರು ಅಸಲಿ ಹೆಸರು ಹಾಕಲಿಲ್ಲ.

ದಬ್ಬಾಳಿಕೆಯ ನಡುವೆ ಕಲೆ ಎಂಬ ವಸ್ತು ಆಮೇಲೆ ಬೇಕಾದಷ್ಟು ಗೇಮುಗಳಲ್ಲಿ ಬಂದಿದೆ. ಗೋಡೆ ಮೇಲೆ ಸ್ಪ್ರೇ ಪೇಂಟ್ ಹೊಡೆದು ಪೊಲೀಸರಿಂದ ಓಡುವ ‘ಜೆಟ್ ಸೆಟ್ ರೇಡಿಯೋ’ (2000) ಆಡೋಕೆ ಬಲು ಚೆಂದ. ಆದರೆ ಅಲ್ಲಿ ಬಂಡಾಯ ಸುಮ್ನೆ ಒಂದು ಬಣ್ಣ. ಸಿಕ್ಕಿಬಿದ್ದರೆ ಮತ್ತೆ ಶುರು ಮಾಡಿದರಾಯಿತು.

ತೈವಾನ್‌ನ ರೆಡ್ ಕ್ಯಾಂಡಲ್ ಗೇಮ್ಸ್ 2017ರಲ್ಲಿ ತಂದ ‘ಡಿಟೆನ್ಷನ್’ ಹಾಗಲ್ಲ. ಕಥೆ ನಡೆಯುವುದು 1960ರ ದಶಕದಲ್ಲಿ, ಒಂದು ಶಾಲೆಯಲ್ಲಿ. ತೈವಾನ್‌ನಲ್ಲಿ 1949ರಿಂದ 1987ರವರೆಗೆ ಮಿಲಿಟರಿ ಕಾನೂನಿತ್ತು. ಆ ಶಾಲೆಯಲ್ಲಿ ನಿಷೇಧಿತ ಪುಸ್ತಕಗಳನ್ನು ಗುಟ್ಟಾಗಿ ಓದುವ ಒಂದು ಗುಂಪು ಇರುತ್ತದೆ. ಆಡಬೇಕು ಅಂತಿರುವವರು ಮುಂದಿನ ಐದು ಸಾಲು ಹಾರಿಸಿ. ಪುಸ್ತಕಗಳ ಪಟ್ಟಿ ಶಾಲೆಯ ಮಿಲಿಟರಿ ಅಧಿಕಾರಿಯ ಕೈ ಸೇರುತ್ತದೆ. ಕೊಟ್ಟವಳು ಬೇರೆ ಯಾರೂ ಅಲ್ಲ, ಅಲ್ಲಿವರೆಗೆ ನೀವು ನಡೆಸಿಕೊಂಡು ಬಂದ ಹುಡುಗಿ. ಕಾರಣ ಸಿದ್ಧಾಂತವಲ್ಲ, ಹೊಟ್ಟೆಕಿಚ್ಚು. ಸಮಿಜ್ದಾತ್ ನಡೆಯುವುದು ಕೈಯಿಂದ ಕೈಗೆ; ಹಾಗಾಗಿ ಒಂದು ಕೈ ತಪ್ಪಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಗೇಮಿನಲ್ಲಿ ಆ ಕೈ ನಿಮ್ಮದೇ. ನನಗೆ ಇದರಷ್ಟು ಚುಚ್ಚಿದ ಗೇಮ್ ಇನ್ನೊಂದಿಲ್ಲ.

2020ರ ಮಾರ್ಚ್ 12ರಂದು ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ‘ರಿಪೋರ್ಟರ್ಸ್ ವಿತೌಟ್ ಬಾರ್ಡರ್ಸ್’ ಸಂಸ್ಥೆ, ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಗೇಮಿನ ಒಳಗೇ ‘ಅನ್‌ಸೆನ್ಸರ್ಡ್ ಲೈಬ್ರರಿ’ ತೆರೆಯಿತು. ಸುಮಾರು 1.25 ಕೋಟಿ ಬ್ಲಾಕ್‌ಗಳ ಕಟ್ಟಡ. ಕಪಾಟಿನಿಂದ ಪುಸ್ತಕ ತೆಗೆದರೆ ಕೊಲೆಯಾದ ಸೌದಿ ಪತ್ರಕರ್ತ ಜಮಾಲ್ ಖಶೋಗ್ಗಿಯ ಲೇಖನ ಓದಬಹುದು. ಸುದ್ದಿ ತಾಣಗಳಿಗೆ ಬೀಗ ಬಿದ್ದ ದೇಶಗಳಲ್ಲೂ ಈ ಗೇಮ್ ಓಡುತ್ತದೆ ಅನ್ನೋದೇ ಇದರ ಉಪಾಯ. ಗುಟ್ಟಾಗಿ ಹಂಚೋದಕ್ಕೆ ಅಷ್ಟು ಭಾರಿ ಕಂಬ, ಗುಮ್ಮಟ ಯಾಕೆ ಅನ್ನಿಸುತ್ತದೆ ನಿಜ. ಆದರೆ ಇಡೀ ನಕ್ಷೆಯನ್ನು ಯಾರು ಬೇಕಾದರೂ ಇಳಿಸಿಕೊಂಡು ಹಂಚಬಹುದು. ಆ ಮಟ್ಟಿಗೆ ಇದು ಪಕ್ಕಾ ಸಮಿಜ್ದಾತ್.

ಮತ್ತೆ ರೆಡ್ ಕ್ಯಾಂಡಲ್ ವಿಷಯಕ್ಕೆ ಬರೋಣ. 2019ರ ಫೆಬ್ರವರಿಯಲ್ಲಿ ಅವರು ‘ಡಿವೋಷನ್’ ಬಿಡುಗಡೆ ಮಾಡಿದರು. ಗೇಮಿನ ಒಳಗಿದ್ದ ಒಂದು ತಾಯತದ ಚೀಟಿಯಲ್ಲಿ ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ ಹೆಸರಿನ ಜೊತೆ ಅವರನ್ನು ಗೇಲಿ ಮಾಡಲು ಜನ ಬಳಸುವ ಕಾರ್ಟೂನ್ ಕರಡಿ ವಿನ್ನಿ ದ ಪೂ ಹೆಸರು ಇರುವುದನ್ನು ಆಟಗಾರರು ಪತ್ತೆಹಚ್ಚಿದರು. ಗಲಾಟೆ ಎದ್ದಿತು. ತಂಡ ಕ್ಷಮೆ ಕೇಳಿತು, ವಾರ ಕಳೆಯುವಷ್ಟರಲ್ಲಿ ಗೇಮನ್ನು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಿಂದ ವಾಪಸ್ ತೆಗೆದುಕೊಂಡಿತು. 2020ರ ಡಿಸೆಂಬರ್‌ನಲ್ಲಿ ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ ಮಾರುತ್ತೇವೆ ಎಂದು ಹೇಳಿ, ಅದೇ ದಿನ ಮಾತು ಹಿಂದೆ ತೆಗೆದುಕೊಂಡಿತು. ಕೊನೆಗೆ 2021ರ ಮಾರ್ಚ್‌ನಲ್ಲಿ ರೆಡ್ ಕ್ಯಾಂಡಲ್‌ನವರೇ ತಮ್ಮ ವೆಬ್‌ಸೈಟಿನಲ್ಲಿ ಅಂಗಡಿ ತೆರೆದು ‘ಡಿವೋಷನ್’ ಮಾರಾಟಕ್ಕಿಟ್ಟರು. ನಕಲು ತಡೆಯುವ ಬೀಗವನ್ನೂ ಅದಕ್ಕೆ ಹಾಕಲಿಲ್ಲ.